ವಿರೋಧದ ನಡುವೆ ದೇವರ ರಕ್ಷಣೆಯಲ್ಲಿ ನೆಲೆಗೊಳ್ಳುವ ಬಗೆ: ಮೂರನೆಯ ಕೀರ್ತನೆ ತೋರಿಸುವ ದಾರಿ

ಮುಂಬೈ, ಠಾಣೆ, ಕಲ್ಯಾಣ, ಪನ್ವೇಲ್ ಕಡೆಗಳಲ್ಲಿ ನೆಲೆಸಿರುವ ಕನ್ನಡ ಕ್ರೈಸ್ತರಲ್ಲಿ ಬೀದರ್, ಕಲಬುರಗಿಗಳಿಂದ ದುಡಿಮೆಗೆಂದು ಬಂದವರಿದ್ದಾರೆ, ಕರಾವಳಿಯಿಂದ ಬಂದು ಮೂರು ತಲೆಮಾರು ಕಳೆದ ಹಳೆಯ ಕುಟುಂಬಗಳಿವೆ, ಈ ಊರಿಗೆ ಬಂದ ಮೇಲೆಯೇ ಯೇಸುವನ್ನು ಅರಿತು ದೀಕ್ಷಾಸ್ನಾನ ಹೊಂದಿದವರೂ ಇದ್ದಾರೆ. ಇವರಲ್ಲಿ ಹಲವರಿಗೆ ನಂಬಿಕೆಯ ಕಾರಣದಿಂದ ಒಂದಿಲ್ಲೊಂದು ವಿರೋಧ ಎದುರಾಗುತ್ತದೆ. ಊರಿನ ಜಾತ್ರೆಗೆ ಬರಲಿಲ್ಲವೆಂದು ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ನಿಶ್ಚಯವಾಗಿದ್ದ ಮಗಳ ಸಂಬಂಧ ಮುರಿಯುತ್ತದೆ. ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸಿದ್ದಕ್ಕೆ ಮನೆಯ ಮಾಲೀಕರು ಹನ್ನೊಂದು ತಿಂಗಳ ಕರಾರನ್ನು ಮುಂದುವರಿಸುವುದಿಲ್ಲ ಎನ್ನುತ್ತಾರೆ. ಇಂಥ ಸಮಯದಲ್ಲಿ ದೇವರ ರಕ್ಷಣೆಯನ್ನು ನಂಬು ಎಂದು ಹೇಳುವವರು ಬಹಳ ಮಂದಿ ಸಿಗುತ್ತಾರೆ, ಆದರೆ ಹಾಗೆ ನಂಬುವುದೆಂದರೆ ಬೆಳಿಗ್ಗೆ ಎದ್ದು ಏನು ಮಾಡಬೇಕು, ರಾತ್ರಿ ಮಲಗುವಾಗ ಏನು ಹೇಳಿಕೊಳ್ಳಬೇಕು ಎಂಬುದನ್ನು ತಿಳಿಸುವವರು ಕಡಿಮೆ. ಆ ಕೊರತೆಯನ್ನು ತುಂಬಲು ಬೈಬಲಿನ ಮೂರನೆಯ ಕೀರ್ತನೆಗಿಂತ ಹತ್ತಿರದ ಸಹಾಯ ನನಗೆ ತಿಳಿದಿಲ್ಲ. ಮಗ ಅಬ್ಷಾಲೋಮನು ದಂಗೆಯೆದ್ದಾಗ ಯೆರೂಸಲೇಮನ್ನು ಬಿಟ್ಟು ಓಡಿಹೋದ ಅರಸ ದಾವೀದನ ಎಂಟೇ ವಚನಗಳ ಆ ಪ್ರಾರ್ಥನೆಯನ್ನು ಅದರ ಹಿನ್ನೆಲೆಯಾದ ಎರಡನೆಯ ಸಮುವೇಲನ 15ರಿಂದ 18ನೆಯ ಅಧ್ಯಾಯಗಳ ಜೊತೆಗಿಟ್ಟು ಓದಿದರೆ, ವಿರೋಧದ ದಿನಗಳಲ್ಲಿ ನಡೆಯಬೇಕಾದ ದಾರಿ ಬಹುಮಟ್ಟಿಗೆ ಕಾಣುತ್ತದೆ.

ಮೊದಲು ವಿರೋಧದ ಕಾರಣವನ್ನು ಪರೀಕ್ಷಿಸಿ

ನಮ್ಮ ಮೇಲೆ ಬರುವ ಎಲ್ಲ ಸಿಟ್ಟೂ ಕ್ರಿಸ್ತನ ನಿಮಿತ್ತ ಬರುವುದಿಲ್ಲ. ಪೇತ್ರನು ತನ್ನ ಮೊದಲನೆಯ ಪತ್ರದ 4ನೆಯ ಅಧ್ಯಾಯದಲ್ಲಿ ಈ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸುತ್ತಾನೆ. ತಪ್ಪು ಮಾಡಿ, ಪರರ ಕಾರ್ಯದಲ್ಲಿ ತಲೆಹಾಕಿ ಬಾಧೆಪಡುವುದು ಬೇರೆ, ಕ್ರೈಸ್ತನಾದುದಕ್ಕೆ ಬಾಧೆಪಡುವುದು ಬೇರೆ. ಚಾಳಿನ ಕೋಣೆಯಲ್ಲಿ ರಾತ್ರಿ ಹನ್ನೊಂದರ ತನಕ ಮೈಕ್ ಇಟ್ಟು ಹಾಡಿದಾಗ ಪಕ್ಕದವರು ಆಕ್ಷೇಪಿಸಿದರೆ ಅದನ್ನು ಹಿಂಸೆ ಎಂದು ಕರೆಯಬಾರದು. ಮರುದಿನ ಪರೀಕ್ಷೆ ಇರುವ ಮಗು ಆ ಗೋಡೆಯ ಆಚೆಗೆ ಮಲಗಿರಬಹುದು, ಬೆಳಗಿನ ಪಾಳಿಗೆ ಹೋಗುವವರು ಇರಬಹುದು, ಅದಲ್ಲದೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ನಿರ್ಬಂಧವೂ ಇದೆ. ಹೊಸದಾಗಿ ನಂಬಿದ ಉತ್ಸಾಹದಲ್ಲಿ ಮನೆದೇವರನ್ನು ಹೀಯಾಳಿಸಿ ಮಾತಾಡಿದ್ದರಿಂದ ಅಪ್ಪ ಮುನಿದುಕೊಂಡಿದ್ದರೆ, ಆ ಮುನಿಸು ಬಹುಪಾಲು ಮಾತಿನ ಮೇಲಿನದು, ನಂಬಿಕೆಯ ಮೇಲಿನದಲ್ಲ. ಅಂಥ ಕಡೆ ಮಾಡಬೇಕಾದ ಮೊದಲ ಕೆಲಸ ಕ್ಷಮೆ ಕೇಳುವುದು.

ಆದರೆ ಈ ಪರೀಕ್ಷೆಯನ್ನು ಅತಿಯಾಗಿ ಎಳೆದು, ತಪ್ಪು ನನ್ನಲ್ಲೂ ಇದೆ, ಆದ್ದರಿಂದ ದೇವರ ಬಳಿ ರಕ್ಷಣೆ ಕೇಳುವ ಹಕ್ಕು ನನಗಿಲ್ಲ ಎಂದು ಕುಗ್ಗಿಹೋಗುವವರನ್ನೂ ಕಂಡಿದ್ದೇನೆ. ದಾವೀದನ ಸ್ಥಿತಿಯನ್ನು ನೋಡಿ. ಅವನ ಮನೆಯೊಳಗಿಂದಲೇ ಕೇಡು ಏಳುವುದೆಂದು ಪ್ರವಾದಿ ನಾತಾನನು ಮೊದಲೇ ಹೇಳಿದ್ದನು. ಅಬ್ಷಾಲೋಮನ ದಂಗೆಯ ಹಿಂದೆ ದಾವೀದನ ಸ್ವಂತ ಪಾಪದ ನೆರಳಿತ್ತು. ಇದನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದರೂ, ಅಳುತ್ತ ಬರಿಗಾಲಲ್ಲಿ ಎಣ್ಣೇಮರಗಳ ಗುಡ್ಡವನ್ನು ಏರುತ್ತಿದ್ದಾಗ ಪ್ರಾರ್ಥಿಸುವುದನ್ನು ಬಿಡಲಿಲ್ಲ. ಮೊದಲೇ ಪಶ್ಚಾತ್ತಾಪಪಟ್ಟು ಕ್ಷಮೆ ಹೊಂದಿದ್ದವನು ಆ ಪಾಪದ ಫಲವನ್ನು ಅನುಭವಿಸುತ್ತಿರುವಾಗಲೂ ದೇವರನ್ನೇ ರಕ್ಷಕನೆಂದು ಕೂಗಬಹುದು ಎಂಬುದಕ್ಕೆ ಈ ಕೀರ್ತನೆಯೇ ಸಾಕ್ಷಿ.

ಚುಚ್ಚುವ ಆ ಒಂದು ಮಾತನ್ನು ಹೊರಗೆ ತನ್ನಿ

ಕೀರ್ತನೆಯ ಮೊದಲ ಎರಡು ವಚನಗಳಲ್ಲಿ ದಾವೀದನು ತನ್ನ ವೈರಿಗಳ ಸಂಖ್ಯೆಯನ್ನು ಹೇಳಿದ ಕೂಡಲೇ ಅವರು ಆಡುವ ಮಾತನ್ನು ದೇವರ ಮುಂದಿಡುತ್ತಾನೆ: ಇವನಿಗೆ ದೇವರಿಂದಲೂ ರಕ್ಷಣೆ ಇಲ್ಲ ಎಂದು ಅನೇಕರು ಹೇಳುತ್ತಿದ್ದಾರೆ. ವಿರೋಧದ ತಿರುಳು ಇಲ್ಲಿದೆ. ಕೆಲಸ, ಮನೆ, ಸಂಬಂಧ ಇವುಗಳ ನಷ್ಟವನ್ನು ಮನುಷ್ಯನು ಹೇಗೋ ತಾಳಿಕೊಳ್ಳುತ್ತಾನೆ. ದೇವರು ನಿನ್ನನ್ನು ಕೈಬಿಟ್ಟಿದ್ದಾನೆ, ಅದಕ್ಕೇ ಹೀಗಾಗಿದೆ ಎಂಬ ಮಾತು ಒಳಗೆ ಇಳಿದರೆ ತಾಳಿಕೊಳ್ಳುವ ಶಕ್ತಿಯೇ ಕರಗುತ್ತದೆ. ಅಬ್ಷಾಲೋಮನ ಸೈನ್ಯಕ್ಕಿಂತ ಈ ಮಾತು ಹೆಚ್ಚು ಅಪಾಯದ್ದೆಂದು ತಿಳಿದೇ ದಾವೀದನು ಅದನ್ನು ಪ್ರಾರ್ಥನೆಯ ಮೊದಲಿಗೆ ಇಟ್ಟಿದ್ದಾನೆ ಎಂದು ನಾನು ನಂಬುತ್ತೇನೆ.

ಡೊಂಬಿವಲಿಯಲ್ಲಿರುವ ಒಬ್ಬ ಸಹೋದರಿಯ ಗಂಡನಿಗೆ ಕಾರ್ಖಾನೆಯ ಕೆಲಸ ತಪ್ಪಿದಾಗ, ಊರಿನಿಂದ ಫೋನು ಮಾಡಿದ ಭಾವ ಕೇಳಿದ ಮಾತು ಹೀಗಿತ್ತು: "ನಿಮ್ಮ ಯೇಸು ಬಂದು ಮನಿ ಬಾಡಿಗಿ ಕಟ್ತಾನೇನವ್ವಾ?" ಆಕೆ ಮರುಮಾತಾಡಲಿಲ್ಲ. ಹಾಲು, ರೇಷನ್ನಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಗಳಲ್ಲಿ ಎಡಗಡೆ ಆ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದು, ಬಲಗಡೆ ಮೂರನೆಯ ವಚನವನ್ನು ಬರೆದಳು. ಯೆಹೋವನು ತನ್ನ ಗುರಾಣಿ, ತನ್ನ ಗೌರವಕ್ಕೆ ಆಧಾರ, ತನ್ನ ತಲೆಯನ್ನು ಎತ್ತುವವನು ಎಂದು ದಾವೀದನು ಹೇಳುವ ವಚನ ಅದು. ನಸುಕಿನಲ್ಲಿ ನಲ್ಲಿ ನೀರು ಬರುವ ಮೊದಲು ಎದ್ದು ಎರಡೂ ಬದಿಗಳನ್ನು ಒಂದಾದ ಮೇಲೊಂದು ಮೆಲುದನಿಯಲ್ಲಿ ಓದುವುದು ಆಕೆಯ ರೂಢಿಯಾಯಿತು. ಭಾವನ ಮಾತು ಅದರಿಂದ ಅಳಿಸಿಹೋಗಲಿಲ್ಲ, ಆದರೆ ಅದು ಒಂಟಿಯಾಗಿ ಆಕೆಯ ತಲೆಯಲ್ಲಿ ಸುತ್ತುವುದು ನಿಂತಿತು.

ನೀವೂ ಹೀಗೆ ಮಾಡಿ ನೋಡಿ. ನಿಮ್ಮನ್ನು ಅತಿ ಹೆಚ್ಚು ಕಾಡುವ ಮಾತನ್ನು, ಆಡಿದವರ ಭಾಷೆಯಲ್ಲೇ ಬರೆಯಿರಿ. ಅದು ಮರಾಠಿಯಲ್ಲಿದ್ದರೆ ಮರಾಠಿಯಲ್ಲಿ, ಹಿಂದಿಯಲ್ಲಿದ್ದರೆ ಹಿಂದಿಯಲ್ಲಿ ಇರಲಿ. ಅದನ್ನು ಭಕ್ತಿಯ ಮಾತುಗಳಿಂದ ಮೆದುಗೊಳಿಸಬೇಡಿ, ದಾವೀದನು ಮೆದುಗೊಳಿಸಲಿಲ್ಲ. ಆಮೇಲೆ ಅದನ್ನು ದೇವರಿಗೆ ಓದಿ ಹೇಳಿ, ಮತ್ತು ಪ್ರಾರ್ಥನೆಯನ್ನು ನೀವು ಮನೆಯಲ್ಲಿ ಆಡುವ ಕನ್ನಡದಲ್ಲೇ ಮಾಡಿ. ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುವ ಮನೆಗಳಲ್ಲಿ ಗಟ್ಟಿಯಾಗಿ ಪ್ರಾರ್ಥಿಸಲು ಜಾಗವಿರುವುದಿಲ್ಲ. ಅಂಥವರಿಗೆ ಸ್ಟೇಷನ್ನಿಗೆ ನಡೆಯುವ ದಾರಿಯೂ ಲೋಕಲ್ ಟ್ರೇನಿನ ಬಾಗಿಲ ಬಳಿಯ ಗದ್ದಲವೂ ಸಾಕಾಗುತ್ತವೆ.

ನಾಲ್ಕನೆಯ ವಚನದಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ದೇವರು ತನ್ನ ಪರಿಶುದ್ಧ ಪರ್ವತದಿಂದ ಸದುತ್ತರ ಕೊಟ್ಟನೆಂದು ದಾವೀದನು ಹೇಳುತ್ತಾನೆ. ಆ ಪರ್ವತ ಯೆರೂಸಲೇಮಿನಲ್ಲಿತ್ತು, ಯೆರೂಸಲೇಮು ಅಬ್ಷಾಲೋಮನ ಪಾಲಾಗಿತ್ತು. ಯಾಜಕ ಚಾದೋಕನೂ ಲೇವಿಯರೂ ದೇವರ ಸಾನ್ನಿಧ್ಯದ ಗುರುತಾದ ಪೆಟ್ಟಿಗೆಯನ್ನು, ಅಂದರೆ ದೇವರ ಮಂಜೂಷವನ್ನು, ಹೊತ್ತು ಕಿದ್ರೋನ್ ಹಳ್ಳದ ಆಚೆಗೆ ಬಂದಿದ್ದಾಗ ಅದನ್ನು ನಗರಕ್ಕೆ ಹಿಂದಕ್ಕೆ ಕಳುಹಿಸಿದವನೂ ದಾವೀದನೇ. ಯೆಹೋವನ ದಯೆ ದೊರಕಿದರೆ ಆತನು ತನ್ನನ್ನು ಮರಳಿ ಕರೆತರುವನು, ಇಲ್ಲದಿದ್ದರೆ ತನಗೆ ಸರಿಕಂಡದ್ದನ್ನು ಮಾಡಲಿ ಎಂದು ಅವನು ಹೇಳಿದನು. ಆದ್ದರಿಂದ ಸಭೆ ಸೇರುತ್ತಿದ್ದ ಬಾಡಿಗೆ ಹಾಲ್ ಕೈತಪ್ಪಿದೆ, ಪ್ರಾರ್ಥನೆಗೆ ಜಾಗವಿಲ್ಲ ಎಂದು ಕೊರಗುವವರು ಈ ವಚನವನ್ನು ಮತ್ತೆ ಮತ್ತೆ ಓದಬೇಕು. ವಿರೋಧಿಗಳ ವಶದಲ್ಲಿದ್ದ ಪರ್ವತದಿಂದಲೂ ದೇವರ ಉತ್ತರ ಬಂದಿತ್ತು.

ಫಲವನ್ನು ಒಪ್ಪಿಸಿ, ಕೆಲಸವನ್ನು ಒಪ್ಪಿಸಬೇಡಿ

ಐದನೆಯ ವಚನದಲ್ಲಿ ದಾವೀದನು ತಾನು ಮಲಗಿ ನಿದ್ದೆಮಾಡಿ ಎಚ್ಚತ್ತೆನೆಂದು ಹೇಳುತ್ತಾನೆ. ಬೆನ್ನಟ್ಟುವ ಸೈನ್ಯವಿರುವಾಗ ಬರುವ ನಿದ್ದೆ, ಫಲವನ್ನು ದೇವರ ಕೈಗೆ ಬಿಟ್ಟವನ ನಿದ್ದೆ. ಆದರೆ ಅದೇ ದಾವೀದನು ಕೈಕಟ್ಟಿ ಕುಳಿತಿರಲಿಲ್ಲ. ತನ್ನ ಮಂತ್ರಿಯಾಗಿದ್ದ ಅಹೀತೋಫೆಲನು ಶತ್ರುಪಕ್ಷ ಸೇರಿದ್ದು ತಿಳಿದಾಗ, ಅವನ ಆಲೋಚನೆಯನ್ನು ಮೂರ್ಖತನವಾಗಿ ಮಾಡೆಂದು ಮೊದಲು ಪ್ರಾರ್ಥಿಸಿದನು. ಗುಡ್ಡದ ತುದಿಯಲ್ಲಿ ಗೆಳೆಯ ಹೂಷೈ ಎದುರಾದ ಕೂಡಲೇ, ಆ ಆಲೋಚನೆಯನ್ನು ಕೆಡಿಸಲು ಅವನನ್ನೇ ನಗರಕ್ಕೆ ಕಳುಹಿಸಿದನು. ಪ್ರಾರ್ಥನೆಗೂ ಉಪಾಯಕ್ಕೂ ನಡುವೆ ಅವನಿಗೆ ಜಗಳ ಕಾಣಲಿಲ್ಲ.

ನಮ್ಮ ಸಭೆಗಳಲ್ಲಿ ಈ ಜಗಳವನ್ನು ಅನಗತ್ಯವಾಗಿ ಹುಟ್ಟಿಸುವವರಿದ್ದಾರೆ. ಪೊಲೀಸರ ಬಳಿಗೆ ಹೋದರೆ ನಂಬಿಕೆ ಕಡಿಮೆಯಾಯಿತು ಎಂಬ ಮಾತು ಎಲ್ಲಿಂದ ಬಂದಿತೋ ತಿಳಿಯದು, ಅದು ವೇದದಿಂದ ಬಂದದ್ದಲ್ಲ. ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿ ಸ್ತೋತ್ರ ಹಾಡಿದ ಪೌಲನೇ ಬೆಳಗಾದ ಮೇಲೆ ತಾನು ರೋಮಾಪುರದ ಹಕ್ಕುದಾರನೆಂದು ಹೇಳಿ, ವಿಚಾರಣೆಯಿಲ್ಲದೆ ಹೊಡಿಸಿದ ಅಧಿಕಾರಿಗಳು ತಾವೇ ಬಂದು ತಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದು ಪಟ್ಟುಹಿಡಿದನು. ಭಾರತದ ಸಂವಿಧಾನದ 25ನೆಯ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ತಮ್ಮ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಅದನ್ನು ಶಾಂತವಾಗಿ ಬಳಸುವುದರಲ್ಲಿ ಅವಿಶ್ವಾಸವೇನೂ ಇಲ್ಲ.

ಬೆದರಿಕೆ ಬಂದರೆ ದಿನಾಂಕ, ಸಮಯ, ಸ್ಥಳ, ಆಡಿದ ಮಾತು ಇವನ್ನು ಅದೇ ದಿನ ಬರೆದಿಡಿ; ಮೊಬೈಲಿಗೆ ಬಂದ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಬಾಡಿಗೆಯ ಕರಾರುಪತ್ರದ ಒಂದು ಪ್ರತಿ ಮತ್ತು ಡಿಪಾಸಿಟ್ ಕೊಟ್ಟದ್ದರ ದಾಖಲೆ ನಿಮ್ಮ ಕೈಯಲ್ಲಿರಲಿ. ಹೊಡೆದಾಟದ ಸಂಭವವಿದ್ದರೆ ಮಕ್ಕಳನ್ನೂ ವಯಸ್ಸಾದವರನ್ನೂ ಮೊದಲು ಬೇರೆ ಕಡೆಗೆ ಕಳುಹಿಸಿ 112ಕ್ಕೆ ಕರೆಮಾಡಿ, ಆಮೇಲೆ ಲಿಖಿತ ದೂರು ಕೊಟ್ಟು ಅದರ ಪ್ರತಿಗೆ ಪೊಲೀಸ್ ಠಾಣೆಯ ಮುದ್ರೆ ಹಾಕಿಸಿಕೊಳ್ಳಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಅರ್ಹತೆ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅದಕ್ಕೆ ಅರ್ಜಿ ಹಾಕಬಹುದು. ಇಷ್ಟು ಮಾಡಿದ ಮೇಲೆ ಮಲಗಿಕೊಳ್ಳಿ. ಮಾಡಬೇಕಾದದ್ದನ್ನು ಮಾಡಿಯಾದ ಮೇಲೂ ರಾತ್ರಿಯೆಲ್ಲ ಫೋನು ಹಿಡಿದು ಯಾರು ಏನು ಬರೆದಿದ್ದಾರೆ ಎಂದು ನೋಡುತ್ತ ಕೂರುವುದು ಫಲವನ್ನು ಮತ್ತೆ ನಮ್ಮ ಕೈಗೆ ತೆಗೆದುಕೊಳ್ಳುವ ಬಗೆಯೇ ಆಗಿದೆ.

ರಕ್ಷಣೆ ಯಾವ ರೂಪದಲ್ಲಿ ಬರುವುದೆಂದು ನಿರ್ಧರಿಸಬೇಡಿ

ಪ್ರಾರ್ಥಿಸಿದರೆ ವಿರೋಧಿಗಳು ಬಿದ್ದುಹೋಗುವರು, ಹೋದ ಕೆಲಸಕ್ಕಿಂತ ಒಳ್ಳೆಯ ಕೆಲಸ ತಿಂಗಳೊಳಗೆ ಸಿಗುವುದು ಎಂದು ಮಾತುಕೊಡುವ ಬೋಧನೆ ಬಡವರ ಮಧ್ಯೆ ಬೇಗ ಹರಡುತ್ತದೆ. ಅದು ನಂಬಿಕೆಯನ್ನು ಬೆಳೆಸುವುದಿಲ್ಲ, ಮುರಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಮಾತು ನಡೆಯದಿದ್ದಾಗ ಮನುಷ್ಯನು ದೇವರನ್ನು ದೂರುತ್ತಾನೆ, ಇಲ್ಲವೆ ತನ್ನನ್ನೇ ಹಳಿದುಕೊಳ್ಳುತ್ತಾನೆ. ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿ ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ, ಪೇತ್ರನನ್ನು ದೇವದೂತನು ಸೆರೆಯಿಂದ ಬಿಡಿಸುತ್ತಾನೆ. ಯಾಕೋಬನ ನಂಬಿಕೆ ಕಡಿಮೆಯಿತ್ತೆಂದು ಲೂಕನು ಎಲ್ಲಿಯೂ ಬರೆದಿಲ್ಲ. ಬಾಬೆಲಿನ ಅರಸ ನೆಬೂಕದ್ನೆಚ್ಚರನ ಮುಂದೆ ನಿಂತ ಮೂವರು ಯೆಹೂದ್ಯರು ತಮ್ಮ ದೇವರು ಬಿಡಿಸಬಲ್ಲನು, ಬಿಡಿಸದಿದ್ದರೂ ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎಂದು ಎರಡನ್ನೂ ಒಟ್ಟಿಗೆ ಹೇಳಿದರು. ನಮ್ಮ ಪ್ರಾರ್ಥನೆಯಲ್ಲೂ ಈ ಎರಡು ಭಾಗಗಳಿರಬೇಕು. ಕೆಲಸ ಉಳಿಯಲಿ, ಮನೆ ಉಳಿಯಲಿ, ಮಗಳ ಮದುವೆ ಆಗಲಿ ಎಂದು ಬಿಚ್ಚುಮನಸ್ಸಿನಿಂದ ಕೇಳಿ, ಅದರ ಬೆನ್ನಿಗೇ, ಹಾಗೆ ಆಗದಿದ್ದರೂ ನಿನ್ನನ್ನು ಬಿಡದಂತೆ ನನ್ನನ್ನು ಹಿಡಿದುಕೋ ಎಂದು ಕೇಳಿ. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಎಲ್ಲರೂ ತನ್ನನ್ನು ಬಿಟ್ಟುಹೋದಾಗ ಕರ್ತನು ತನ್ನ ಬಳಿ ನಿಂತನೆಂದೂ ಆತನು ತನ್ನನ್ನು ಸಕಲ ದುಷ್ಕೃತ್ಯಗಳಿಂದ ತಪ್ಪಿಸಿ ಪರಲೋಕರಾಜ್ಯಕ್ಕೆ ಸೇರಿಸುವನೆಂದೂ ಹೇಳುತ್ತಾನೆ. ತನ್ನ ಮರಣ ಹತ್ತಿರವಿದೆಯೆಂದು ಅದೇ ಅಧ್ಯಾಯದಲ್ಲಿ ಬರೆದವನ ಬಾಯಿಂದ ಬಂದ ಮಾತದು.

ಪುಣೆಯ ಸಮೀಪದ ಕೇಡಗಾಂವಿನಲ್ಲಿ ಇದರ ಇನ್ನೊಂದು ಉದಾಹರಣೆ ಇದೆ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಅಂದರೆ ಇಂದಿನ ಕರ್ನಾಟಕದಲ್ಲೇ ಹುಟ್ಟಿದ ಪಂಡಿತಾ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ಒಯ್ದರು. 1893ರಲ್ಲಿ ಮತಾಂತರದ ಆರೋಪ ಎದ್ದು, ಜೊತೆಗಿದ್ದ ಸಲಹಾಮಂಡಳಿಯ ಗಣ್ಯರು ದೂರ ಸರಿದರು, ಹಲವು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಕಳೆದುಕೊಂಡ ಆ ಬೆಂಬಲ ಅವರಿಗೆ ಹಾಗೆಯೇ ಮರಳಿ ದೊರೆಯಲಿಲ್ಲ. ಅವರು ಕೇಡಗಾಂವಿನಲ್ಲಿ ಜಮೀನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದರು; 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯದಿಂದ ಕರೆತಂದ ನೂರಾರು ಹೆಣ್ಣುಮಕ್ಕಳಿಗೆ ಆ ನೆಲವೇ ಆಸರೆಯಾಯಿತು. 1921ರಲ್ಲಿ ಮಗಳು ಮನೋರಮೆ ತೀರಿಕೊಂಡಳು, ಮರುವರ್ಷದ ಏಪ್ರಿಲಿನಲ್ಲಿ ಅವರೂ ತೀರಿಕೊಂಡರು. ಬೈಬಲ್ಲನ್ನು ಸರಳ ಮರಾಠಿಗೆ ತರುವ ಕೆಲಸದಲ್ಲಿ ಅವರು ಕೊನೆಯವರೆಗೂ ತೊಡಗಿದ್ದರು. 1893ರ ಪುಣೆಯಲ್ಲಿ ನಿಂತು ನೋಡಿದವರಿಗೆ, ಈಕೆಗೆ ದೇವರಿಂದಲೂ ರಕ್ಷಣೆ ಇಲ್ಲ ಎಂದೇ ತೋರಿದ್ದೀತು.

ಮನೆಯೊಳಗಿನ ವಿರೋಧ

ದಾವೀದನ ಶತ್ರು ಅವನ ಮಗನೇ ಆಗಿದ್ದನು, ಆದ್ದರಿಂದ ಈ ಕೀರ್ತನೆ ಮನೆಯೊಳಗಿನ ವಿರೋಧಕ್ಕೆ ವಿಶೇಷವಾಗಿ ಹೊಂದುತ್ತದೆ. ಇಲ್ಲಿ ಅವಸರ ಮಾಡುವುದು ದೊಡ್ಡ ತಪ್ಪು. ಮರಾಠಿ ಕವಿ ನಾರಾಯಣ ವಾಮನ ಟಿಳಕರು 1895ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ದೀಕ್ಷಾಸ್ನಾನ ಹೊಂದಿದಾಗ ಅವರ ಪತ್ನಿ ಲಕ್ಷ್ಮೀಬಾಯಿ ಬೇರೆಯಾದರು. ವರ್ಷಗಳ ನಂತರವೇ ಇಬ್ಬರೂ ಮತ್ತೆ ಕೂಡಿದ್ದು, ಆ ಮೇಲೆ ತಮ್ಮ ಸ್ವಂತ ಮನಸ್ಸಿನಿಂದ ಲಕ್ಷ್ಮೀಬಾಯಿಯವರು 1900ರಲ್ಲಿ ದೀಕ್ಷಾಸ್ನಾನ ಹೊಂದಿದ್ದು. ಎಲ್ಲರ ಮನೆಯಲ್ಲೂ ಹೀಗೇ ಮುಗಿಯುತ್ತದೆ ಎನ್ನಲಾಗದು, ಆದರೆ ಒತ್ತಾಯದಿಂದ ಆಗದ ಕೆಲಸಕ್ಕೆ ಕಾಲಾವಕಾಶ ಬೇಕೆಂಬುದನ್ನು ಇದರಿಂದ ಕಲಿಯಬಹುದು.

ಊರಿಗೆ ಕಳುಹಿಸುತ್ತಿದ್ದ ಹಣವನ್ನು ನಿಲ್ಲಿಸಬೇಡಿ. ಅವ್ವನ ಔಷಧಿ, ತಂಗಿಯ ಹೆರಿಗೆ, ಹೊಲದ ಸಾಲ ಇವುಗಳಲ್ಲಿ ನಿಮ್ಮ ಪಾಲು ಮೊದಲಿಗಿಂತ ಹೆಚ್ಚಾದರೂ ಕಡಿಮೆಯಾಗದಿರಲಿ. ಜಾತ್ರೆಯ ಪೂಜೆಯಲ್ಲಿ ನಿಲ್ಲಲಾರೆ ಎಂದು ಹೇಳಬೇಕಾದಲ್ಲಿ ಮುಂಚಿತವಾಗಿ, ಹಿರಿಯರ ಎದುರು ಕುಳಿತು, ತಲೆಬಾಗಿ ಹೇಳಿ. ಜಾತ್ರೆಯ ದಿನವೇ ಫೋನು ಆಫ್ ಮಾಡಿ ಮರೆಯಾಗುವುದು ಅವರಿಗೆ ಅವಮಾನವಾಗಿ ಕಾಣುತ್ತದೆ. ಯಾಕೆ ಹೀಗೆ ಎಂದು ಅವರು ಕೇಳಿದರೆ ಮಾತ್ರ ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ತಿಳಿಸಿ, ಅದನ್ನೂ ಪೇತ್ರನು ಹೇಳಿದಂತೆ ಸಾತ್ವಿಕತ್ವದಿಂದಲೂ ಮನೋಭೀತಿಯಿಂದಲೂ ತಿಳಿಸಿ. ಆದರೆ ಮನೆಯಲ್ಲಿ ಕೈಮಾಡುವುದು, ಕೂಡಿಹಾಕುವುದು ನಡೆದರೆ ಅದನ್ನು ತಾಳ್ಮೆಯ ಹೆಸರಿನಲ್ಲಿ ಸಹಿಸಬೇಕಾಗಿಲ್ಲ. ದಾವೀದನು ಮಗನನ್ನು ಪ್ರೀತಿಸುತ್ತಲೇ ಅವನ ಕೈಗೆ ಸಿಗದಂತೆ ಅರಮನೆಯಿಂದ ಹೊರಟುಹೋದನು.

ಸಿಟ್ಟನ್ನು ಎಲ್ಲಿಡಬೇಕು

ಏಳನೆಯ ವಚನದಲ್ಲಿ ದಾವೀದನು ದೇವರು ಶತ್ರುಗಳ ದವಡೆಗೆ ಹೊಡೆದು ದುಷ್ಟರ ಹಲ್ಲುಗಳನ್ನು ಮುರಿದನೆಂದು ಹೇಳುವುದನ್ನು ಓದಿ ಕೆಲವರು ಮುಜುಗರಪಡುತ್ತಾರೆ, ಕೆಲವರು ಅದನ್ನೇ ಆಯುಧ ಮಾಡಿಕೊಳ್ಳುತ್ತಾರೆ. ಆ ಸಿಟ್ಟು ಪ್ರಾರ್ಥನೆಯ ಒಳಗೇ ಇದೆ, ಪ್ರಾರ್ಥನೆಯ ಹೊರಗೆ ದಾವೀದನು ಮಾಡಿದ್ದೇನು ಎಂಬುದನ್ನೂ ನೋಡಬೇಕು. ಬಹುರೀಮಿನ ಶಿಮ್ಮಿಯು ಶಪಿಸುತ್ತ ಕಲ್ಲು ತೂರುತ್ತ ಗುಡ್ಡದ ಪಕ್ಕದಲ್ಲೇ ನಡೆದು ಬಂದಾಗ, ಅವನ ತಲೆ ಹಾರಿಸಲು ಅಪ್ಪಣೆ ಕೇಳಿದ ತನ್ನ ಸೇನಾನಿ ಅಬೀಷೈಯನ್ನು ದಾವೀದನು ತಡೆದನು. ಸಿಟ್ಟನ್ನು ದೇವರ ಮುಂದೆ ಪೂರ್ತಿಯಾಗಿ ಇಳಿಸಿದವನಿಗೆ ದಾರಿಯಲ್ಲಿ ಕತ್ತಿ ಬೇಕಾಗುವುದಿಲ್ಲ. ನಿಮ್ಮ ಮನೆಯ ಹುಡುಗರಲ್ಲೂ ಸಭೆಯ ಯುವಕರಲ್ಲೂ ಅಬೀಷೈಗಳಿರುತ್ತಾರೆ. ಅವರ ಪ್ರೀತಿಯನ್ನು ಮೆಚ್ಚಿ, ಅವರ ಕೈಯನ್ನು ಹಿಡಿಯಿರಿ, ವಾಟ್ಸಾಪಿನಲ್ಲಿ ಉತ್ತರ ಬರೆಯುವ ಕೈಯನ್ನೂ ಹಿಡಿಯಿರಿ.

ಕೊನೆಯ ವಚನ ರಕ್ಷಣೆ ಯೆಹೋವನಿಂದಲೇ ಎಂದು ಹೇಳಿ, ಆತನ ಜನರ ಮೇಲೆ ಆಶೀರ್ವಾದವನ್ನು ಬೇಡುತ್ತದೆ. ಆ ಜನರಲ್ಲಿ ಅನೇಕರು ಆಗ ಅಬ್ಷಾಲೋಮನ ಹಿಂದೆ ಹೋಗಿದ್ದರು. ಆದ್ದರಿಂದ ಈ ಕೀರ್ತನೆಯನ್ನು ಪ್ರಾರ್ಥಿಸುವವರು ತಮ್ಮನ್ನು ವಿರೋಧಿಸುವವರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಅವರ ಆರೋಗ್ಯಕ್ಕೂ ದುಡಿಮೆಗೂ ಮಕ್ಕಳಿಗೂ ಒಳಿತನ್ನು ಕೇಳಿ ಮುಗಿಸಬೇಕು. ಮೊದಮೊದಲು ನಾಲಿಗೆ ಏಳುವುದಿಲ್ಲ, ಆಗ ಹೆಸರನ್ನಾದರೂ ಹೇಳಿ.

ಜೊತೆಯವರು ಮಾಡಬೇಕಾದದ್ದು

ಈಗ ವಿರೋಧವಿಲ್ಲದೆ ನೆಮ್ಮದಿಯಿಂದಿರುವ ಕುಟುಂಬಗಳಿಗೂ ಈ ಕಥೆಯಲ್ಲಿ ಸ್ಥಳವಿದೆ. ದಾವೀದನೂ ಅವನ ಜನರೂ ದಣಿದು ಹಸಿದು ಯೊರ್ದನ್ ನದಿಯ ಆಚೆಯ ಮಹನಯಿಮ್ ಊರಿಗೆ ಬಂದಾಗ ಶೋಬಿ, ಮಾಕೀರ, ಬರ್ಜಿಲ್ಲೈ ಎಂಬ ಮೂವರು ಹಾಸಿಗೆ, ಬಟ್ಟಲು, ಮಡಕೆ, ಗೋಧಿ, ಜವೆಗೋಧಿ, ಹುರಿದ ಕಾಳು, ಅವರೆ, ಬೇಳೆ, ಜೇನು, ಬೆಣ್ಣೆ, ಕುರಿಗಳನ್ನು ತಂದುಕೊಟ್ಟರು. ದೇವರ ರಕ್ಷಣೆ ಅಂದು ಹಾಸಿಗೆಯಾಗಿಯೂ ಬೇಳೆಯಾಗಿಯೂ ಬಂದಿತ್ತು. ಮೂವರಲ್ಲಿ ಶೋಬಿಯು ಅಮ್ಮೋನಿಯರ ರಬ್ಬಾ ಊರಿನವನು, ಇಸ್ರಾಯೇಲ್ಯನಲ್ಲ. ಹಾಗೆಯೇ ಕಷ್ಟದ ದಿನ ಬಾಗಿಲು ತೆರೆಯುವ ಪಕ್ಕದ ಮನೆಯ ಮರಾಠಿ ತಾಯಿಯ ಸಹಾಯವನ್ನು, ಆಕೆ ನಮ್ಮ ಸಭೆಯವರಲ್ಲವೆಂದು ಸಂಕೋಚಪಡದೆ, ದೇವರ ಕೈಯಿಂದ ಬಂದದ್ದೆಂದು ಪಡೆದುಕೊಳ್ಳಬೇಕು.

ಸಭೆಯ ಹಿರಿಯರು ಕುಳಿತು ಮೊದಲೇ ಕೆಲವನ್ನು ಗೊತ್ತುಮಾಡಿಡುವುದು ಒಳ್ಳೆಯದು. ರಾತ್ರೋರಾತ್ರಿ ಮನೆ ಬಿಡಬೇಕಾದ ಕುಟುಂಬವನ್ನು ಯಾರ ಮನೆಯಲ್ಲಿ ಇರಿಸಿಕೊಳ್ಳಬಹುದು, ಹೊಸ ಮನೆಯ ಡಿಪಾಸಿಟ್ಟಿಗೆ ಕೈಗಡವಾಗಿ ಕೊಡಲು ಸಭೆಯ ನಿಧಿಯಲ್ಲಿ ಎಷ್ಟು ತೆಗೆದಿಡಬಹುದು, ಮರಾಠಿಯಲ್ಲಿ ಅರ್ಜಿ ಬರೆದುಕೊಡಲು ಯಾರಿಗೆ ಬರುತ್ತದೆ, ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋಗುವವರು ಯಾರು ಎಂಬುದನ್ನು ಹೆಸರು, ಫೋನು ನಂಬರಿನೊಂದಿಗೆ ಬರೆದು ಇಬ್ಬರು ಮೂವರ ಬಳಿ ಇಡಬೇಕು. ಕಷ್ಟದಲ್ಲಿರುವವರ ಮನೆಗೆ ಹೋದಾಗ ಬೋಧನೆ ಬೇಡ. ಅಕ್ಕಿ, ಬೇಳೆ, ಎಣ್ಣೆ ಕೊಟ್ಟು, ಮೂರನೆಯ ಕೀರ್ತನೆಯನ್ನು ಅವರೊಂದಿಗೆ ಒಮ್ಮೆ ಓದಿ, ಅವರಿಗೆ ಮಲಗಲು ಹೊತ್ತಾಗದಂತೆ ಬೇಗ ಎದ್ದು ಬನ್ನಿ.